ಶೆಡ್‌ನಲ್ಲಿ ಹುಟ್ಟಿದ ಐಡಿಯಾಗೆ ಪೇಟೆಂಟ್: ಮೊದಲು ಅರ್ಜಿ, ಆಮೇಲೆ ಸ್ಟಾಲ್

ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ, ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಸಣ್ಣ ಮಷಿನ್ ಶಾಪ್ ನಡೆಸುವವರನ್ನು ನೋಡಿ. ಒಂದೇ ಪಾರ್ಟ್ ಮೂರನೇ ಸಲ ರಿಪೇರಿಗೆ ಬಂದರೆ ಅವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಒಂದು ತೂತು ಜಾಸ್ತಿ ಕೊರೆಯುತ್ತಾರೆ, ಒಂದು ಗ್ರೂವ್ ಹಾಕುತ್ತಾರೆ, ಸೀಲ್ ಇಟ್ಟ ಜಾಗ ಬದಲಾಯಿಸುತ್ತಾರೆ. ಪಾರ್ಟ್ ಎರಡು ಪಟ್ಟು ಬಾಳಿಕೆ ಬರುತ್ತದೆ. ಗಿರಾಕಿಗೆ ಖುಷಿ. ನಾಲ್ಕು ತಿಂಗಳು ಕಳೆದರೆ ಪಕ್ಕದ ಶೆಡ್‌ನವರು ಅದನ್ನೇ ಮಾಡಿ ಇನ್ನೂರು ರೂಪಾಯಿ ಕಡಿಮೆಗೆ ಮಾರುತ್ತಿರುತ್ತಾರೆ.

ಅಂಥ ಐಡಿಯಾವನ್ನು ಪೇಟೆಂಟ್‌ವರೆಗೆ ತಲುಪಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನಾನು ಇದನ್ನು ಕಲಿತದ್ದು ಕೈ ಸುಟ್ಟುಕೊಂಡೇ. ವರ್ಷಗಳ ಹಿಂದೆ ಒಂದು ಕ್ಲ್ಯಾಂಪ್ ಮಾಡಿದ್ದೆ. ಚೆನ್ನಾಗಿ ಬಂತು ಅಂತ ವಿಡಿಯೋ ತೆಗೆದು ಇಂಟರ್‌ನೆಟ್‌ಗೆ ಹಾಕಿದೆ. ಆಮೇಲೆ ಪೇಟೆಂಟ್ ಏಜೆಂಟ್ ಒಬ್ಬರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಇದನ್ನು ಎಲ್ಲಾದರೂ ತೋರಿಸಿದ್ದೀರಾ?" ಅಲ್ಲಿಗೆ ಕಥೆ ಮುಗಿಯಿತು.

ಮಾತು ಗಾಳಿಯಲ್ಲಿ ಹೋಗಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಕ್ಸ್‌ಕವೇಟರ್ ಬಕೆಟ್ ತಿರುಗುವ ಕೀಲಿನ ಪಿನ್, ಮತ್ತು ಅದರ ಸುತ್ತ ಕೂರುವ ಕೊಳವೆಯಂಥ ಬುಷ್. ಕಲ್ಲು ಕ್ವಾರಿಯಲ್ಲಿ ಓಡುವ ಗಾಡಿಗೆ ಎಷ್ಟು ಗ್ರೀಸ್ ಹೊಡೆದರೂ ಬುಷ್ ಸವೆದು ಪ್ಲೇ, ಅಂದರೆ ಸಡಿಲ, ಬರುತ್ತದೆ, ಬಕೆಟ್ ಕಟಕಟ ಅನ್ನುತ್ತದೆ. ನೀವು ಅದಕ್ಕೊಂದು ದಾರಿ ಕಂಡುಕೊಂಡಿದ್ದೀರಿ ಅಂದುಕೊಳ್ಳಿ.

ಹಂತ 1: ಪಾರ್ಟ್ ಯಾಕೆ ಕೆಡುತ್ತದೆ, ಅದನ್ನು ಬರೆಯಿರಿ

ಹೆಚ್ಚಿನವರು "ನನ್ನ ಪಿನ್ ಹೀಗಿದೆ" ಅಂತ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. "ಹಳೆಯ ಪಿನ್ ಯಾಕೆ ಹೋಗುತ್ತದೆ" ಅಂತ ಶುರು ಮಾಡಿ. ಪೇಟೆಂಟ್‌ನ ಜೀವ ಇರುವುದೇ ಆ ಕಾರಣದಲ್ಲಿ.

ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್ ಕಥೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅವರು ಗೋಥೆನ್‌ಬರ್ಗ್‌ನ ಒಂದು ಬಟ್ಟೆ ಗಿರಣಿಯಲ್ಲಿ ಎಂಜಿನಿಯರ್ ಆಗಿದ್ದರು. ಅಲ್ಲಿನ ಉದ್ದುದ್ದ ಶಾಫ್ಟ್‌ಗಳ ಬೇರಿಂಗ್ ಪದೇ ಪದೇ ಹೋಗುತ್ತಿತ್ತು. ಬೇರಿಂಗ್ ಕಳಪೆ ಅಂತ ಬೈದು ಸುಮ್ಮನಾಗಬಹುದಿತ್ತು. ಆದರೆ ಕಾರಣ ಬೇರೆಯೇ ಇತ್ತು. ಗಿರಣಿ ನಿಂತಿದ್ದದ್ದು ಜೇಡಿಮಣ್ಣಿನ ಮೇಲೆ. ನೆಲ ಸ್ವಲ್ಪ ಸ್ವಲ್ಪವೇ ಕುಸಿದಂತೆ ಶಾಫ್ಟ್ ಲೈನ್ ತಪ್ಪುತ್ತಿತ್ತು, ಗಟ್ಟಿಯಾಗಿ ಕೂತ ಬೇರಿಂಗ್ ಆ ಓರೆಯನ್ನು ತಡೆಯುತ್ತಿರಲಿಲ್ಲ. ಕಾರಣ ಸಿಕ್ಕ ಮೇಲೆ ಉತ್ತರವೂ ಸಿಕ್ಕಿತು. ಹೊರಗಿನ ರಿಂಗ್‌ನ ಒಳಮೈಯನ್ನು ಗೋಲದ ಆಕಾರಕ್ಕೆ ತಂದು, ಎರಡು ಸಾಲು ಗುಂಡು ಹಾಕಿ, ಶಾಫ್ಟ್ ಓರೆಯಾದರೆ ಬೇರಿಂಗ್ ಕೂಡ ತಾನೇ ಹೊಂದಿಕೊಳ್ಳುವ ಹಾಗೆ ಮಾಡಿದರು. 1907ರಲ್ಲಿ ಪೇಟೆಂಟ್ ಆಯಿತು, ಅದೇ ವರ್ಷ ಎಸ್‌ಕೆಎಫ್ ಕಂಪನಿ ಹುಟ್ಟಿತು.

ನಮ್ಮ ಬಕೆಟ್ ಪಿನ್‌ಗೂ ಇದೇ ಕೆಲಸ ಮಾಡಿ. ಬುಷ್ ಎಲ್ಲಿ ಸವೆದಿದೆ? ಸುತ್ತಲೂ ಒಂದೇ ಸಮ ಸವೆದಿದೆಯಾ, ಒಂದೇ ಮಗ್ಗುಲಲ್ಲಾ? ತುದಿಯಲ್ಲಿ ಜಾಸ್ತಿಯಾ, ನಡುವಲ್ಲಾ? ತುದಿಯಲ್ಲೇ ಜಾಸ್ತಿ ಅಂದರೆ ದೂಳು ಅಂಚಿನಿಂದ ಒಳಗೆ ಹೋಗುತ್ತಿರಬಹುದು. ನಡುವೆ ಒಣಗಿದೆ ಅಂದರೆ ಗ್ರೀಸ್ ಅಲ್ಲಿಗೆ ತಲುಪುತ್ತಿಲ್ಲ. ಎರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ.

ಪುಟಕ್ಕೆ ನಂಬರ್ ಇರುವ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಇಡಿ. ಗಾಡಿಯ ಅವರ್ ಮೀಟರ್ ನೋಡಿಕೊಂಡು ಪ್ರತಿ 250 ಗಂಟೆಗೆ ಬುಷ್‌ನ ಒಳ ವ್ಯಾಸ ಅಳೆದು ಬರೆಯಿರಿ. ಹಳೆಯ ಬುಷ್ ಮತ್ತು ಹೊಸದು, ಎರಡರದ್ದೂ. ತಾರೀಕು ಹಾಕಿ, ಸಹಿ ಮಾಡಿ. ಈ ಅಂಕಿಗಳ ಬೆಲೆ ಏನು ಅಂತ ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಮಾತು. ಆ ಗ್ರೂವ್ ಹಾಕೋಣ ಅಂದಿದ್ದು ನಿಮ್ಮ ಟರ್ನರ್ ಆಗಿದ್ದರೆ ಅವರ ಹೆಸರನ್ನೂ ಬರೆದಿಡಿ. ಅರ್ಜಿಯಲ್ಲಿ ಸಂಶೋಧಕರು ಅಂತ ಅವರ ಹೆಸರು ಬರಬೇಕು. ಹಕ್ಕು ನಿಮ್ಮ ಕಂಪನಿಗೆ ಬರಬೇಕಾದರೆ ಅವರಿಂದ ಲಿಖಿತ ಒಪ್ಪಿಗೆ ಬೇಕು. ಸಂಬಳ ಕೊಡುತ್ತೇನೆ, ಹಾಗಾಗಿ ಐಡಿಯಾ ನನ್ನದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಂತ 2: ಅರ್ಜಿ ಹಾಕುವವರೆಗೆ ಬಾಯಿ ಬಿಡಬೇಡಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಅರ್ಜಿಯ ತಾರೀಕಿಗಿಂತ ಮೊದಲು ಆ ಪಾರ್ಟ್ ಊರಿಗೆ ಗೊತ್ತಾಗಿದ್ದರೆ ಅದು ಹೊಸದಲ್ಲ. ಗೊತ್ತು ಮಾಡಿದವರು ನೀವೇ ಆಗಿದ್ದರೂ ಅಷ್ಟೇ. ಒಂದು ಪೀಸ್ ಮಾರುವುದು, ವಿಡಿಯೋ ಹಾಕುವುದು, ಬ್ರೋಷರ್ ಹಂಚುವುದು, ಎಲ್ಲವೂ ಇದರಲ್ಲಿ ಬಂತು.

ನಮ್ಮವರು ಹೆಚ್ಚು ಎಡವುವುದು ಪ್ರದರ್ಶನಗಳಲ್ಲಿ. ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ದೊಡ್ಡ ಮಷಿನ್ ಮೇಳ ಬರುತ್ತದೆ, ಸ್ಟಾಲ್ ಬುಕ್ ಆಗಿರುತ್ತದೆ, ಹೊಸ ಪಾರ್ಟ್ ಟೇಬಲ್ ಮೇಲೆ ಇಡದಿದ್ದರೆ ಸಮಾಧಾನ ಇಲ್ಲ. ಪ್ರದರ್ಶನದಲ್ಲಿ ತೋರಿಸಿದರೆ 12 ತಿಂಗಳು ರಿಯಾಯಿತಿ ಇದೆ ಅಂತ ಯಾರಾದರೂ ಹೇಳಿಯೂ ಹೇಳುತ್ತಾರೆ. ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ ಅದು ಇರುವುದು ನಿಜ. ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ ಮಾತ್ರ. ಎಲ್ಲ ಮೇಳಕ್ಕೂ ಅದು ಅನ್ವಯಿಸುವುದಿಲ್ಲ. ಅದನ್ನು ನಂಬಿಕೊಂಡು ಕೂರಬೇಡಿ.

ಟ್ರಯಲ್ ಕಥೆ ಏನು? ಬಕೆಟ್ ಪಿನ್ ಅನ್ನು ಶೆಡ್ ಒಳಗೇ ಪರೀಕ್ಷೆ ಮಾಡಲು ಆಗುವುದಿಲ್ಲ, ಕ್ವಾರಿಗೇ ಹೋಗಬೇಕು. ಇದಕ್ಕೆ ಕಾಯ್ದೆಯಲ್ಲಿ ಸ್ವಲ್ಪ ಜಾಗ ಇದೆ. ಬಯಲಿನಲ್ಲಿ ಪರೀಕ್ಷೆ ಮಾಡದೆ ಬೇರೆ ದಾರಿ ಇಲ್ಲದಿದ್ದರೆ, ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ ಮಾಡಿದ ಟ್ರಯಲ್ ಒಂದೇ ಕಾರಣಕ್ಕೆ ಪೇಟೆಂಟ್ ಹೋಗುವುದಿಲ್ಲ. ಆದರೂ ಗಾಡಿ ಮಾಲೀಕರಿಂದ ಒಂದು ಪುಟದ ಗುಟ್ಟಿನ ಒಪ್ಪಂದ ಬರೆಸಿಕೊಳ್ಳಿ. ಟ್ರಯಲ್ ಪೀಸ್‌ಗೆ ಬಿಲ್ ಹಾಕಬೇಡಿ. ಬಿಲ್ ಹಾಕಿದರೆ ಅದು ಟ್ರಯಲ್ ಅಲ್ಲ, ಮಾರಾಟ.

ಬಾಯಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಜೇಮ್ಸ್ ವಾಟ್‌ಗಿಂತ ದೊಡ್ಡ ಸಾಕ್ಷಿ ಬೇಕಾ? ಹಬೆ ಎಂಜಿನ್‌ನ ಮೇಲೆ ಕೆಳಗೆ ಆಡುವ ಚಲನೆಯನ್ನು ಚಕ್ರ ತಿರುಗಿಸುವ ಚಲನೆ ಮಾಡಬೇಕಿತ್ತು. ಸುಲಭದ ದಾರಿ ಕ್ರ್ಯಾಂಕ್. 1780ರಲ್ಲಿ ಜೇಮ್ಸ್ ಪಿಕಾರ್ಡ್ ಅದಕ್ಕೆ ಪೇಟೆಂಟ್ ತೆಗೆದುಕೊಂಡ. ತನ್ನ ಕೆಲಸಗಾರನ ಬಾಯಿಂದಲೇ ಸುದ್ದಿ ಹೊರಗೆ ಹೋಯಿತು ಅಂತ ವಾಟ್ ದೂರುತ್ತಿದ್ದ. ಕೊನೆಗೆ ಅವನು 1781ರಲ್ಲಿ ಒಂದು ಗಿಯರ್ ಸುತ್ತ ಇನ್ನೊಂದು ಗಿಯರ್ ತಿರುಗುವ 'ಸೂರ್ಯ-ಗ್ರಹ' ವ್ಯವಸ್ಥೆಗೆ ಪೇಟೆಂಟ್ ಮಾಡಿ ಸುತ್ತು ಬಳಸಿ ಹೋಗಬೇಕಾಯಿತು. ಅಷ್ಟು ದೊಡ್ಡ ತಲೆಗೇ ಈ ಗತಿ.

ಹಂತ 3: ಬೇರೆ ಯಾರಾದರೂ ಮಾಡಿದ್ದಾರಾ, ಹುಡುಕಿ

ಈ ಕೆಲಸಕ್ಕೆ ಮೊದಲ ದಿನವೇ ಯಾರಿಗೂ ದುಡ್ಡು ಕೊಡಬೇಕಿಲ್ಲ. ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್, ಯುರೋಪಿನ ಎಸ್ಪಾಸ್‌ನೆಟ್, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೊದ ಪೇಟೆಂಟ್‌ಸ್ಕೋಪ್, ಗೂಗಲ್ ಪೇಟೆಂಟ್ಸ್, ನಾಲ್ಕೂ ಪುಕ್ಕಟೆ.

ಬರೀ ಪದ ಹಾಕಿ ಹುಡುಕಿದರೆ ಕೆಲಸ ಆಗುವುದಿಲ್ಲ. ನೀವು ಬುಷ್ ಅನ್ನುವುದನ್ನು ಇನ್ನೊಬ್ಬರು ಸ್ಲೀವ್ ಅಂದಿರುತ್ತಾರೆ, ಮತ್ತೊಬ್ಬರು ಪ್ಲೇನ್ ಬೇರಿಂಗ್ ಅಂದಿರುತ್ತಾರೆ. ಅದಕ್ಕೇ ಪ್ರತಿ ಪೇಟೆಂಟ್‌ಗೂ ಒಂದು ವಿಭಾಗದ ಕೋಡ್ ಇರುತ್ತದೆ. ಮಣ್ಣು ಅಗೆಯುವ ಯಂತ್ರಗಳು ಇ02ಎಫ್. ಶಾಫ್ಟ್ ಮತ್ತು ಬೇರಿಂಗ್ ಎಫ್16ಸಿ. ಪಿಸ್ಟನ್, ಸಿಲಿಂಡರ್, ಸೀಲ್ ಎಫ್16ಜೆ. ಗಿಯರ್ ಎಫ್16ಎಚ್. ಕ್ರೇನ್ ಬಿ66ಸಿ. ಕಲ್ಲು ಪುಡಿ ಮಾಡುವ ಕ್ರಷರ್ ಬಿ02ಸಿ. ಕೋಡನ್ನೂ ಪದವನ್ನೂ ಸೇರಿಸಿ ಹುಡುಕಿ. ಹತ್ತಿರದ್ದು ಒಂದು ಸಿಕ್ಕಿದರೆ ಅದರಲ್ಲಿ ಉಲ್ಲೇಖಿಸಿದ ಹಳೆಯ ಪೇಟೆಂಟ್‌ಗಳ ಪಟ್ಟಿ ತೆಗೆದು ಹಿಂದಕ್ಕೆ ಹೋಗಿ. ಅಜ್ಜನನ್ನು ಹಿಡಿದರೆ ವಂಶವೆಲ್ಲ ಸಿಗುತ್ತದೆ.

ಪಿನ್ ನಡುವೆ ತೂತು ಕೊರೆದು ಒಳಗಿನಿಂದ ಗ್ರೀಸ್ ಕಳಿಸುವುದು ನಿಮ್ಮ ಐಡಿಯಾ ಆಗಿದ್ದರೆ ಇಲ್ಲೇ ನಿರಾಸೆ ಕಾದಿದೆ. ಅದು ಹಳೆಯ ವಿಷಯ. ಎರಡು ತುದಿಗೆ ಸೀಲ್ ಹಾಕುವುದೂ ಹಳೆಯದೇ. ಬೇಜಾರಾಗಬೇಡಿ. ಸಿಕ್ಕಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪಕ್ಕದಲ್ಲಿ ನಿಮ್ಮದನ್ನು ಬರೆಯಿರಿ. ಒಂದೊಂದೇ ಹೊಡೆದು ಹಾಕಿ. ಕೊನೆಗೆ ಏನು ಉಳಿಯಿತೋ ಅದೇ ನಿಮ್ಮ ಆಸ್ತಿ. ನಮ್ಮ ಉದಾಹರಣೆಯಲ್ಲಿ ಉಳಿದದ್ದು ಇದು ಅಂದುಕೊಳ್ಳೋಣ: ಬುಷ್ ತುದಿಯಲ್ಲಿ ಒಂದು ಸೀಲ್ ಬದಲು ಎರಡು ತುಟಿ (ಪಿನ್‌ಗೆ ಒತ್ತಿ ಕೂರುವ ಸೀಲ್‌ನ ತೆಳು ಅಂಚು), ಅವುಗಳ ನಡುವೆ ಒಂದು ಉಂಗುರದ ಗ್ರೂವ್. ಗ್ರೀಸ್ ಮೊದಲು ಆ ಗ್ರೂವ್ ತುಂಬಿ, ಹೊರಗಿನ ತುಟಿಯನ್ನು ಎತ್ತಿ, ದೂಳನ್ನು ಹೊರಕ್ಕೆ ತಳ್ಳಿಕೊಂಡು ಬರುತ್ತದೆ. ಒಳಗಿನ ತುಟಿ ಗ್ರೀಸ್ ವಾಪಸ್ ಹೋಗಲು ಬಿಡುವುದಿಲ್ಲ.

ಹಂತ 4: ಕಾಯ್ದೆ ಮುಂದೆ ಇದು ನಿಲ್ಲುತ್ತದಾ?

ಹೊಸದಾಗಿದ್ದರೆ ಸಾಲದು. ಆ ಕೆಲಸದಲ್ಲಿ ಪಳಗಿದ ಒಬ್ಬ ಸಾಧಾರಣ ಮನುಷ್ಯನಿಗೆ "ಇದರಲ್ಲೇನಿದೆ, ನಾನೂ ಹೀಗೇ ಮಾಡುತ್ತಿದ್ದೆ" ಅನ್ನಿಸುವಂತೆ ಇರಬಾರದು. 1970ರ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಯಾವುದು ಆವಿಷ್ಕಾರ ಅಲ್ಲ ಅನ್ನುವ ಪಟ್ಟಿಯೇ ಇದೆ. ಅದರ ಎಫ್ ಉಪವಿಭಾಗ ನಮ್ಮ ಕಸುಬಿನವರಿಗೆ ದೊಡ್ಡ ತಡೆ. ಗೊತ್ತಿರುವ ಎರಡು ಸಾಧನಗಳನ್ನು ಪಕ್ಕ ಪಕ್ಕ ಜೋಡಿಸಿ, ಅವು ತಮ್ಮ ಪಾಡಿಗೆ ತಮ್ಮ ಹಳೆಯ ಕೆಲಸ ಮಾಡುತ್ತಿದ್ದರೆ ಅದಕ್ಕೆ ಪೇಟೆಂಟ್ ಇಲ್ಲ. ಕ್ರಷರ್ ಹಾಪರ್‌ಗೆ ಒಂದು ಲೈಟ್, ಒಂದು ಫ್ಯಾನ್ ಬೆಸುಗೆ ಹಾಕಿದರೆ ಅದು ಆವಿಷ್ಕಾರ ಆಗುವುದಿಲ್ಲ. ಜೋಡಿಸಿದ ಭಾಗಗಳು ಒಂದರ ಮೇಲೊಂದು ಕೆಲಸ ಮಾಡಿ, ಒಂಟಿಯಾಗಿ ಆಗದ ಫಲ ಕೊಡಬೇಕು. ನಮ್ಮ ಎರಡು ತುಟಿ ಮತ್ತು ಗ್ರೂವ್ ಹಾಗೆ ಮಾಡುತ್ತವೆ ಅಂತ ತೋರಿಸಬಹುದು.

ಇಲ್ಲಿ ಓದಲೇಬೇಕಾದ ಒಂದು ತೀರ್ಪು ಇದೆ. ಮಿರ್ಜಾಪುರದ ಪಾತ್ರೆ ತಯಾರಕರ ಕೇಸು, 1978ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಮುಗಿದದ್ದು, ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಕೇಸು ಅಂತಲೇ ಪ್ರಸಿದ್ಧ. ಲೇತ್‌ನಲ್ಲಿ ಪಾತ್ರೆಯನ್ನು ಹಿಡಿದು ತಿರುಗಿಸುವ ಒಂದು ವ್ಯವಸ್ಥೆಗೆ ಅವರು ಪೇಟೆಂಟ್ ತೆಗೆದುಕೊಂಡಿದ್ದರು. ಇದು ಬರೀ ವರ್ಕ್‌ಶಾಪ್ ಸುಧಾರಣೆ, ಹಳೆಯದನ್ನೇ ಸ್ವಲ್ಪ ಬದಲಾಯಿಸಿ ಬಳಸಿದ್ದು ಅಂತ ಕೋರ್ಟ್ ಹೇಳಿತು. ಪೇಟೆಂಟ್ ಹೋಯಿತು. ಸರ್ಟಿಫಿಕೇಟ್ ಕೈಗೆ ಬಂದ ಮಾತ್ರಕ್ಕೆ ಪೇಟೆಂಟ್ ಗಟ್ಟಿ ಅಂತ ಅಲ್ಲ, ಕೋರ್ಟ್‌ನಲ್ಲಿ ಬೀಳಲೂಬಹುದು ಅನ್ನುವುದಕ್ಕೆ ಈಗಲೂ ಇದನ್ನೇ ಉದಾಹರಿಸುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಪಾರ್ಟ್ ಬಿಚ್ಚಿ ವರ್ನಿಯರ್ ಹಿಡಿದರೆ ಗುಟ್ಟು ಗೊತ್ತಾಗುತ್ತದಾ? ಗೊತ್ತಾಗುವುದಾದರೆ ಪೇಟೆಂಟ್ ಮಾಡಿ. ಗುಟ್ಟು ಇರುವುದು ನಿಮ್ಮ ಹೀಟ್ ಟ್ರೀಟ್‌ಮೆಂಟ್‌ನ ಹೊತ್ತು ಮತ್ತು ಶಾಖದಲ್ಲಿ ಅಂದರೆ ಸುಮ್ನೆ ಗುಟ್ಟಾಗಿಯೇ ಇಡುವುದು ಎಷ್ಟೋ ಸಲ ವಾಸಿ. ಪೇಟೆಂಟ್ ಅಂದರೆ ವಿವರವೆಲ್ಲ ಬರೆದು ಊರ ಮುಂದೆ ಇಡುವುದು, ಅಲ್ವಾ? ಬರೀ ಹೊರ ಆಕಾರ ಕಾಪಾಡುವುದಾದರೆ ಅದಕ್ಕೆ 2000ನೇ ಇಸವಿಯ ಡಿಸೈನ್ಸ್ ಕಾಯ್ದೆ ಇದೆ.

ಹಂತ 5: ತಾರೀಕು ಹಿಡಿಯಿರಿ

ಅಮೆರಿಕದ ಆಲ್ಬರ್ಟ್ ಕಿಂಗ್ಸ್‌ಬರಿ ಮತ್ತು ಆಸ್ಟ್ರೇಲಿಯಾದ ಆಂಥೊನಿ ಮಿಷೆಲ್ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಬೇರಿಂಗ್ ಕಂಡುಹಿಡಿದರು. ಹಡಗು, ಟರ್ಬೈನ್‌ಗಳ ಭಾರಿ ಒತ್ತಡ ತಡೆಯುವ ಥ್ರಸ್ಟ್ ಬೇರಿಂಗ್ ಅದು. ಮಿಷೆಲ್ 1905ರಲ್ಲೇ ಪೇಟೆಂಟ್ ಮಾಡಿದ್ದರು. ಕಿಂಗ್ಸ್‌ಬರಿ ಅರ್ಜಿ ಹಾಕಿದ್ದು 1907ರಲ್ಲಿ. ಅದು ಮೊದಲು ತಿರಸ್ಕಾರ ಆಯಿತು. ಆದರೆ ತಾನು ಅದಕ್ಕೂ ಮೊದಲೇ ಮಾಡಿದ್ದೆ ಅಂತ ಅವರು ದಾಖಲೆ ತೋರಿಸಿದರು. ಆಗಿನ ಅಮೆರಿಕದ ಕಾನೂನು ಮೊದಲು ಕಂಡುಹಿಡಿದವರ ಪರ ಇದ್ದ ಕಾರಣ 1910ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮಲ್ಲಿ ಆ ಅದೃಷ್ಟ ಇಲ್ಲ. ಇಲ್ಲಿ ಮೊದಲು ಅರ್ಜಿ ಹಾಕಿದವರೇ ಮುಂದು.

ಅದಕ್ಕೆ ಪ್ರೊವಿಷನಲ್ ಅರ್ಜಿ, ಅಂದರೆ ತಾರೀಕು ಹಿಡಿಯುವ ತಾತ್ಕಾಲಿಕ ಅರ್ಜಿ, ಹಾಕಿ. ಟ್ರಯಲ್ ಪೂರ್ತಿ ಆಗಿರಬೇಕಿಲ್ಲ, ಕ್ಲೇಮ್ (ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳುವ ಭಾಗ, ಮುಂದಿನ ಹಂತದಲ್ಲಿ ನೋಡೋಣ) ಬರೆಯಬೇಕಿಲ್ಲ. ವಿವರ ಮತ್ತು ಡ್ರಾಯಿಂಗ್ ಇದ್ದರೆ ಸಾಕು. ಹಾಗಂತ ಅರ್ಧ ಪುಟ ಗೀಚಿ ಕಳಿಸಬೇಡಿ. ಪ್ರೊವಿಷನಲ್‌ನಲ್ಲಿ ಇಲ್ಲದ ವಿಷಯಕ್ಕೆ ಆ ತಾರೀಕು ಸಿಗುವುದಿಲ್ಲ. 12 ತಿಂಗಳ ಒಳಗೆ ಪೂರ್ತಿ ಸ್ಪೆಸಿಫಿಕೇಷನ್, ಅಂದರೆ ಕ್ಲೇಮ್ ಸಮೇತ ಪೂರ್ತಿ ವಿವರ, ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ.

ಕರ್ನಾಟಕದವರ ಅರ್ಜಿ ಚೆನ್ನೈನ ಪೇಟೆಂಟ್ ಕಚೇರಿಗೆ ಹೋಗುತ್ತದೆ. ಡಿಜಿಟಲ್ ಸಹಿ ಇದ್ದರೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು. ಫಾರಂ 1 ಅರ್ಜಿ, ಫಾರಂ 2 ಸ್ಪೆಸಿಫಿಕೇಷನ್, ಫಾರಂ 3 ವಿದೇಶಿ ಅರ್ಜಿಗಳ ಹೇಳಿಕೆ, ಫಾರಂ 5 ಸಂಶೋಧಕರು ಯಾರು ಅನ್ನುವ ಘೋಷಣೆ. ಒಬ್ಬ ವ್ಯಕ್ತಿಗೂ ಸಣ್ಣ ಉದ್ಯಮಕ್ಕೂ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗೆ 8,000. ಉದ್ಯಮಕ್ಕೆ ಈ ಕಡಿಮೆ ದರ ಬೇಕಾದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ನೋಂದಣಿಯ ಜೊತೆ ಫಾರಂ 28 ಕೊಡಿ. ಅರ್ಜಿ ಕನ್ನಡದಲ್ಲಿ ಕೊಡುವ ಹಾಗಿಲ್ಲ, ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಆದರೂ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಿರಿ ಅಂತ ನನ್ನ ಸಲಹೆ. ಇಂಗ್ಲಿಷ್ ಹುಡುಕುವ ಗಡಿಬಿಡಿಯಲ್ಲಿ ಪಾರ್ಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದೇ ಬಿಟ್ಟುಹೋಗುವುದನ್ನು ನೋಡಿದ್ದೇನೆ.

ಅರ್ಜಿ ನಂಬರ್ ಬಂದ ಮೇಲೆ ಸ್ಟಾಲ್ ಹಾಕಿ, ವಿಡಿಯೋ ಮಾಡಿ, ಮಾರಿ. ಆದರೆ ಆಮೇಲೆ ಸೇರಿಸಿದ ಸುಧಾರಣೆಯನ್ನು ಅದರ ಅರ್ಜಿಗೂ ಮೊದಲೇ ತೋರಿಸಬೇಡಿ.

ಹಂತ 6: ಕ್ಲೇಮ್ ಅಂದರೆ ಚೆಕ್ಕುಬಂದಿ

ಜಮೀನಿನ ಪತ್ರದಲ್ಲಿ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಅಂತ ಬರೆಯುತ್ತಾರಲ್ಲ, ಪೇಟೆಂಟ್‌ನಲ್ಲಿ ಕ್ಲೇಮ್ ಅದೇ. ಉಳಿದ ಪುಟಗಳಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಹಕ್ಕು ಸಿಗುವುದು ಚೆಕ್ಕುಬಂದಿಯ ಒಳಗೆ ಮಾತ್ರ. ಇಲ್ಲಿ ಒಂದು ತಲೆಕೆಳಗಿನ ಲೆಕ್ಕ ಇದೆ. ಕ್ಲೇಮ್‌ನಲ್ಲಿ ಮಾತು ಜಾಸ್ತಿ ಆದಷ್ಟೂ ಜಮೀನು ಕಡಿಮೆ ಆಗುತ್ತದೆ.

"80 ಮಿ.ಮೀ. ವ್ಯಾಸದ ಪಿನ್, ಕಂಚಿನ ಬುಷ್, ರಬ್ಬರಿನ ಎರಡು ತುಟಿ, 3 ಮಿ.ಮೀ. ಗ್ರೂವ್" ಅಂತ ಬರೆದರೆ ಪಕ್ಕದವರು 75 ಮಿ.ಮೀ. ಪಿನ್‌ಗೆ ಉಕ್ಕಿನ ಬುಷ್ ಹಾಕಿ ನಗುತ್ತಾ ಹೋಗುತ್ತಾರೆ. ಬದಲಿಗೆ ಹೀಗೆ ಬರೆಯಿರಿ: "ಒಂದು ಪಿನ್, ಅದನ್ನು ಸುತ್ತಿಕೊಂಡ ಬುಷ್, ಬುಷ್‌ನ ಕನಿಷ್ಠ ಒಂದು ತುದಿಯಲ್ಲಿ ಒಳ ತುಟಿ ಮತ್ತು ಹೊರ ತುಟಿ, ಅವೆರಡರ ನಡುವೆ ಉಂಗುರದ ಗ್ರೂವ್, ಒತ್ತಡದಲ್ಲಿ ಬಂದ ಗ್ರೀಸ್ ಆ ಗ್ರೂವ್ ತುಂಬಿ ಹೊರ ತುಟಿಯನ್ನು ಮಾತ್ರ ಎತ್ತುವಂತೆ ಜೋಡಿಸಿದ ವ್ಯವಸ್ಥೆ." ಅಳತೆ, ಲೋಹ, ರಬ್ಬರಿನ ಬಗೆ, ಎಲ್ಲವೂ ಇದರ ಕೆಳಗೆ ಉಪ ಕ್ಲೇಮ್‌ಗಳಾಗಿ ಬರಲಿ. ದೊಡ್ಡದು ಬಿದ್ದರೆ ಸಣ್ಣದಾದರೂ ಉಳಿಯುತ್ತದೆ. 10 ಕ್ಲೇಮ್, 30 ಪುಟದವರೆಗೆ ಹೆಚ್ಚಿನ ಶುಲ್ಕ ಇಲ್ಲ.

ಡ್ರಾಯಿಂಗ್ ಗೆರೆಗಳಲ್ಲಿ ಇರಲಿ, ಫೋಟೋ ಬೇಡ. ಪ್ರತಿ ಭಾಗಕ್ಕೂ ನಂಬರ್ ಕೊಟ್ಟು ವಿವರಣೆಯಲ್ಲೂ ಅದೇ ನಂಬರ್ ಬಳಸಿ. ಶೀರ್ಷಿಕೆ 15 ಪದ, ಸಾರಾಂಶ 150 ಪದ ದಾಟಬಾರದು.

ಸ್ವಂತವಾಗಿ ಅರ್ಜಿ ಹಾಕಲು ಅಡ್ಡಿ ಇಲ್ಲ. ಆದರೆ ದುಡ್ಡು ಖರ್ಚು ಮಾಡುವ ಜಾಗ ಒಂದಿದ್ದರೆ ಅದು ಇದೇ. ನೋಂದಾಯಿತ ಪೇಟೆಂಟ್ ಏಜೆಂಟ್ ಒಬ್ಬರಿಂದ ಕ್ಲೇಮ್ ಬರೆಸಿ. ಮೆಕ್ಯಾನಿಕಲ್ ಓದಿದವರಾದರೆ ಒಳ್ಳೆಯದು. ಅವರನ್ನು ಆಫೀಸ್‌ನಲ್ಲಿ ಕೂರಿಸಬೇಡಿ, ಗ್ರೀಸ್ ಗನ್ ಕೈಗೆ ಕೊಟ್ಟು ಗಾಡಿ ಪಕ್ಕ ನಿಲ್ಲಿಸಿ.

ಹಂತ 7: ಪರೀಕ್ಷೆ ಮತ್ತು ಆಕ್ಷೇಪಣೆ

ಅರ್ಜಿ ಹಾಕಿದ ಕೂಡಲೇ ಯಾರೂ ಅದನ್ನು ಪರೀಕ್ಷೆ ಮಾಡುವುದಿಲ್ಲ. ಫಾರಂ 18 ಕೊಟ್ಟು ಕೇಳಬೇಕು, ಸಣ್ಣವರಿಗೆ 4,000 ರೂಪಾಯಿ. ಮೊದಲು ಇದಕ್ಕೆ 48 ತಿಂಗಳು ಸಮಯ ಇತ್ತು, 2024ರ ನಿಯಮದಿಂದ 31 ತಿಂಗಳಿಗೆ ಇಳಿದಿದೆ. ಹಳೆಯ ಲೆಕ್ಕ ನಂಬಿ ಕೂತರೆ ಅರ್ಜಿ ಹೋಗುತ್ತದೆ. ಅವಸರ ಇದ್ದರೆ ಸಣ್ಣ ಉದ್ಯಮ, ಸ್ಟಾರ್ಟಪ್, ಮಹಿಳಾ ಅರ್ಜಿದಾರರು ಫಾರಂ 18ಎ ಹಾಕಿ ಬೇಗ ಪರೀಕ್ಷೆ ಮಾಡಿಸಬಹುದು. ಅದಕ್ಕೆ 8,000. ಅರ್ಜಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಬೇಗ ಬೇಕಾದರೆ ಫಾರಂ 9, 2,500 ರೂಪಾಯಿ.

ಪರೀಕ್ಷಕರ ಮೊದಲ ವರದಿ ಬಂದಾಗ ಎದೆ ಧಸಕ್ ಅನ್ನುತ್ತದೆ. ನಿಮ್ಮದು ಹೊಸದಲ್ಲ, ಡಿ1 ನೋಡಿ, ಡಿ2 ನೋಡಿ ಅಂತ ಹಳೆಯ ಪೇಟೆಂಟ್‌ಗಳನ್ನು ಮುಂದಿಟ್ಟಿರುತ್ತಾರೆ. ಹೆದರಬೇಡಿ, ಇದು ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಉತ್ತರಕ್ಕೆ 6 ತಿಂಗಳು, ಕೇಳಿಕೊಂಡರೆ ಇನ್ನೂ 3. ಡಿ1ರಲ್ಲಿ ಸೀಲ್ ಇದೆ ನಿಜ, ಆದರೆ ಅಲ್ಲಿ ಗ್ರೀಸ್ ಎರಡೂ ಕಡೆ ಹೋಗುತ್ತದೆ, ನಮ್ಮಲ್ಲಿ ಹೊರಗೆ ಮಾತ್ರ, ಅದಕ್ಕೇ 1,000 ಗಂಟೆಯಲ್ಲಿ ಸವೆತ ಇಷ್ಟಕ್ಕೆ ಇಳಿಯಿತು ಅಂತ ತೋರಿಸಬೇಕು. ನೋಟ್‌ಬುಕ್ ಈಗ ತೆಗೆಯಿರಿ. "ತುಂಬಾ ಚೆನ್ನಾಗಿದೆ" ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ, ಮೈಕ್ರೋಮೀಟರ್ ಅಂಕಿಗೆ ಇದೆ. ವಿಚಾರಣೆ ಬಂದರೆ ಈಗ ಹೆಚ್ಚಾಗಿ ವಿಡಿಯೋ ಕಾಲ್‌ನಲ್ಲೇ ಮುಗಿಯುತ್ತದೆ.

ಹೊರದೇಶಕ್ಕೂ ಮಾರುವ ಯೋಚನೆ ಇದ್ದರೆ ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಅಲ್ಲಿಯೂ ಹಾಕಬೇಕು. ಭಾರತದಲ್ಲಿ ಹಾಕಿ 6 ವಾರ ಆಗುವ ಮೊದಲು, ಅನುಮತಿ ಇಲ್ಲದೆ ಹೊರಗೆ ಹಾಕಬಾರದು.

ಹಂತ 8: ಸಿಕ್ಕ ಮೇಲೆ

ಪೇಟೆಂಟ್ ಅರ್ಜಿಯ ತಾರೀಕಿನಿಂದ 20 ವರ್ಷ ಬಾಳುತ್ತದೆ, ಆದರೆ ಬಾಡಿಗೆ ಕಟ್ಟಬೇಕು. ಸಣ್ಣವರಿಗೆ 3ರಿಂದ 6ನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ, 10ರವರೆಗೆ 2,400, 15ರವರೆಗೆ 4,800, ಕೊನೆಗೆ 8,000. 20 ವರ್ಷಕ್ಕೆ ಒಟ್ಟು 76,800. ಪಾರ್ಟ್ ಮಾರ್ಕೆಟ್‌ನಲ್ಲಿ ಓಡುತ್ತಿಲ್ಲ ಅಂದರೆ ಕಟ್ಟುವುದನ್ನು ನಿಲ್ಲಿಸಿ, ತಪ್ಪೇನಿಲ್ಲ. ಮೂರು ವರ್ಷಕ್ಕೊಮ್ಮೆ ಫಾರಂ 27ರಲ್ಲಿ ಪೇಟೆಂಟ್ ಬಳಕೆಯಲ್ಲಿ ಇದೆಯಾ ಅಂತ ತಿಳಿಸಬೇಕು.

ಕೈಯಲ್ಲಿ ಪೇಟೆಂಟ್ ಬರುವ ಮೊದಲು ಯಾರ ಮೇಲೂ ಕೇಸು ಹಾಕಲು ಆಗುವುದಿಲ್ಲ. ಬರೀ ಅರ್ಜಿ ಹಾಕಿ 'ಪೇಟೆಂಟ್ ಆಗಿದೆ' ಅಂತ ಬೋರ್ಡ್ ಹಾಕಿದರೆ ದಂಡ ಬೀಳುತ್ತದೆ, 'ಪೇಟೆಂಟ್ ಅರ್ಜಿ ಹಾಕಲಾಗಿದೆ' ಅನ್ನಬಹುದು.

ಸಿಕ್ಕ ದಿನವೇ ನಂಬರ್ ಪಂಚ್ ಸೆಟ್ ತೆಗೆಯಿರಿ. ನಕಲು ಮಾಡಿದವರು "ನನಗೆ ಗೊತ್ತೇ ಇರಲಿಲ್ಲ" ಅಂತ ಸಾಬೀತು ಮಾಡಿದರೆ ನಷ್ಟ ಪರಿಹಾರ ಸಿಗುವುದಿಲ್ಲ. ಪಾರ್ಟ್ ಮೇಲೆ 'ಪೇಟೆಂಟ್' ಅನ್ನುವ ಪದ ಮಾತ್ರ ಇದ್ದರೆ ಸಾಲದು ಅಂತ 111ನೇ ಸೆಕ್ಷನ್ ಹೇಳುತ್ತದೆ, ಜೊತೆಗೆ ನಂಬರ್ ಇರಬೇಕು. ಪಿನ್‌ನ ತಲೆಯ ಮೇಲೆ, ಸವೆಯದ ಜಾಗದಲ್ಲಿ, ಹಾರ್ಡನಿಂಗ್‌ಗೆ ಕಳಿಸುವ ಮೊದಲೇ ಹೊಡೆಯಿರಿ. ಆಮೇಲೆ ಹೊಡೆದರೆ ಪಂಚ್ ಮೊನೆಯೇ ಹೋಗುತ್ತದೆ.